ಹೊಸ್ತಿಲ ಮೇಲೆ ಚೆಲ್ಲಿದ ನೀರು

ತೊದೋರ್ಕಾಳ ಅಂಗೈಯಲ್ಲಿ ನೆಟ್ಟಗಿನ ಚರ್ಮ ಉಳಿದಿರಲಿಲ್ಲ. ಸೋಡಾಪುಡಿ ಹಾಕಿದ ಬಿಸಿನೀರಿನಲ್ಲಿ ಹುಚ್ಚಾಸ್ಪತ್ರೆಯ ಹಾಸಿಗೆಬಟ್ಟೆ ಉಜ್ಜೀ ಉಜ್ಜೀ ಬೆರಳಿನ ಸಂದುಗಳು ಬಿರಿದಿದ್ದವು. ಚಳಿಗಾಲ ಬಂತೆಂದರೆ ಅಲ್ಲಿಂದ ರಕ್ತ ಜಿನುಗುತ್ತಿತ್ತು. ಬಟ್ಟೆ ಒಗೆಯುವ ಮಿಶಿನ್ನು ಇರಲಿಲ್ಲವೆಂದಲ್ಲ. ಇತ್ತು, ಕೆಟ್ಟು ಮೂಲೆಯಲ್ಲಿ ಕೂತಿತ್ತು. ತೊದೋರ್ಕಾ ಇರುವಾಗ ಅದನ್ನು ರಿಪೇರಿ ಮಾಡಿಸುವ ದರ್ದು ಯಾರಿಗಿತ್ತು?

ಹೆಂಗಸರ ವಾರ್ಡಿನದೂ ಅವಳೇ ಒಗೆಯಬೇಕು, ಗಂಡಸರ ವಾರ್ಡಿನದೂ ಅವಳೇ ಒಗೆಯಬೇಕು. ಉಚ್ಚೆ, ವಾಂತಿ, ಚೆಲ್ಲಿದ ಸಾರು, ಎಲ್ಲ ಅವಳ ತೊಟ್ಟಿಗೇ ಬರುತ್ತಿತ್ತು. ಇದಕ್ಕೆ ಕೂಲಿ ಕೇಳುವಂತಿರಲಿಲ್ಲ. ಯಾಕೆಂದರೆ ಇದು ಕೆಲಸವಲ್ಲವಂತೆ, ಚಿಕಿತ್ಸೆಯಂತೆ. ಡಾಕ್ಟರ್ ಚಕಾರೋವ್ ಅದಕ್ಕೆ 'ದುಡಿಮೆ ಚಿಕಿತ್ಸೆ' ಎಂದು ಚಂದದ ಹೆಸರನ್ನೂ ಇಟ್ಟಿದ್ದರು. ಸಂಜೆಗೆ ಎರಡು ಸಿಗರೇಟು ಕೊಡುತ್ತಿದ್ದರು. ತೊದೋರ್ಕಾ ಸಿಗರೇಟು ಸೇದುವವಳಲ್ಲ. ಪಕ್ಕದ ಮಂಚದ ಬಿಸೇರಾಳಿಗೆ ಕೊಟ್ಟುಬಿಡುತ್ತಿದ್ದಳು.

ಬೆಳಗಿನಿಂದ ಸಂಜೆಯವರೆಗೆ ಬಟ್ಟೆ ಒಗೆಯುವಷ್ಟು ಇವಳ ಬುದ್ಧಿ ನೆಟ್ಟಗಿದೆ, ತನ್ನ ಹೆಸರಿನ ಕೆಳಗೆ ತಾನೇ ಸಹಿ ಹಾಕುವಷ್ಟು ನೆಟ್ಟಗಿಲ್ಲ. ಇದು ಬಲ್ಗೇರಿಯಾ ದೇಶದ ಕೋರ್ಟು ಹೇಳಿದ ಮಾತು. ಯಾರಿಗಾದರೂ ನಗು ಬಂದರೆ ನಗಬಹುದು. ತೊದೋರ್ಕಾಳಿಗಂತೂ ಬರುತ್ತಿರಲಿಲ್ಲ.

ಅವಳು ಹುಟ್ಟಾ ಹುಚ್ಚಿಯೇನಲ್ಲ. ಊರಿನ ಕ್ಯಾನಿಂಗ್ ಫ್ಯಾಕ್ಟರಿಯಲ್ಲಿ ಕೆಂಪು ದಪ್ಪ ಮೆಣಸಿನಕಾಯಿ ಸುಟ್ಟು, ಸಿಪ್ಪೆ ಸುಲಿದು, ಗೊಜ್ಜು ಮಾಡಿ ಸೀಸೆಗೆ ತುಂಬುತ್ತಿದ್ದವಳು. ಫ್ಯಾಕ್ಟರಿ ಮುಚ್ಚಿತು. ಅದೇ ಚಳಿಗಾಲ ಗಂಡ ತೀರಿಕೊಂಡ. ಸತ್ತ ಗಂಡ ಗೋಡೆಯಾಚೆಯಿಂದ ಕರೆದಂತಾಗಿ, ಒಂದು ಬೆಳಿಗ್ಗೆ ಬರಿಗಾಲಲ್ಲಿ ಹಿಮದ ಮೇಲೆ ನಡೆದು ಹೋದಳು. ನೋಡಿದವರು ಹಿಡಿದು ಇಲ್ಲಿಗೆ ಸೇರಿಸಿದರು. ಬೇಸಿಗೆ ಬರುವ ಹೊತ್ತಿಗೆ ಗಂಡನ ದನಿ ನಿಂತಿತು. ಆದರೆ ಅಷ್ಟರೊಳಗೆ ಅವಳ ತಂಗಿಯ ಮಗ ಕ್ರಾಸೆನ್ ಕೋರ್ಟಿಗೆ ಓಡಾಡಿ ಅವಳ ಪಾಲಕನಾಗಿಬಿಟ್ಟಿದ್ದ. ದೊಡ್ಡಮ್ಮನ ಪರವಾಗಿ ಸಹಿ ಮಾಡುವವನು ಅವನು. ಅವಳ ಪಿಂಚಣಿ ಪಡೆಯುವವನೂ ಅವನೇ. ದೊಡ್ಡಮ್ಮ ಎಲ್ಲಿರಬೇಕು ಎಂದು ಹೇಳುವವನೂ ಅವನೇ. ಅವಳ ಎರಡು ಕೋಣೆಯ ಮನೆಯಲ್ಲಿ ಹೆಂಡತಿ ಮಕ್ಕಳೊಂದಿಗೆ ಸಂಸಾರ ಹೂಡಿದ್ದ. ಈಸ್ಟರ್ ಹಬ್ಬಕ್ಕೆ ಬಣ್ಣದ ಮೊಟ್ಟೆ ಹಿಡಿದುಕೊಂಡು ಬಂದು, "ದೊಡ್ಡಮ್ಮಾ, ನಿನಗೆ ಇಲ್ಲೇ ಚೆನ್ನಾಗಿದೆ ಅಲ್ವಾ?" ಎಂದು ಕೇಳಿ, ಅವಳು ಉತ್ತರ ಕೊಡುವ ಮೊದಲೇ ಎದ್ದು ಹೋಗುತ್ತಿದ್ದ. ಹಾಗೇ ವರ್ಷಗಳು ಉರುಳಿದ್ದವು.

ಈ ವಾರ್ಡಿನ ಸಿಸ್ಟರ್ ನೆವೆನಾ. ಐವತ್ತು ಚಿಲ್ಲರೆ ಹೆಂಗಸರಿಗೆ ಅವಳೊಬ್ಬಳೇ. ಜೊತೆಗೆ ಮಿಂಚೋ ಎಂಬ ವಾರ್ಡ್‌ಬಾಯ್. ಹೆಸರಿಗೆ ಬಾಯ್, ವಯಸ್ಸು ಐವತ್ತು ದಾಟಿದೆ. ಒಂದು ಸಲ ಸರ್ಕಾರದವರು ನೆವೆನಾಳನ್ನು ಪಟ್ಟಣದ ಹೋಟೆಲಿಗೆ ತರಬೇತಿಗೆ ಕರೆದಿದ್ದರು. ರೋಗಿಯನ್ನು ಕೇಳದೆ ಮುಟ್ಟಬಾರದು, ಯಾವ ಮದ್ದು ಯಾಕೆ ಕೊಡುತ್ತೇವೆಂದು ಹೇಳಬೇಕು, ಬೇಡವೆಂದರೆ ಬಲವಂತ ಮಾಡಬಾರದು, ಶಿಕ್ಷೆಯೆಂದು ಕಟ್ಟಿಹಾಕಬಾರದು. ಕಾಫಿ ಕೊಟ್ಟು, ಕೇಕು ಕೊಟ್ಟು ಇಷ್ಟೆಲ್ಲ ಹೇಳಿಕೊಟ್ಟರು. ಹೊರಡುವಾಗ 'ರೋಗಿಯ ಹಕ್ಕುಗಳು' ಎಂದು ದಪ್ಪ ಅಕ್ಷರದಲ್ಲಿ ಅಚ್ಚಾದ ದೊಡ್ಡ ಹಾಳೆಯನ್ನೂ ಕೊಟ್ಟರು. ಒಬ್ಬಳೇ ಸಿಸ್ಟರ್ ಅಷ್ಟು ಜನರನ್ನು ಕೇಳಿ ಕೇಳಿ ಮಾಡುವುದು ಹೇಗೆಂದು ಮಾತ್ರ ಯಾರೂ ಹೇಳಿಕೊಡಲಿಲ್ಲ. ಚಕಾರೋವ್ ಆ ಹಾಳೆಗೆ ಗಾಜು ಹಾಕಿಸಿ ಕಾರಿಡಾರಿನಲ್ಲಿ ತೂಗುಹಾಕಿಸಿದರು. ಬಂದುಹೋಗುವ ಅಧಿಕಾರಿಗಳ ಕಣ್ಣಿಗೆ ಬೀಳುವ ಎತ್ತರದಲ್ಲಿ.

ಗಾಜು ಒರೆಸುವ ಕೆಲಸವೂ ತೊದೋರ್ಕಾಳದೇ. ಸ್ಟೂಲಿನ ಮೇಲೆ ನಿಂತು ಒರೆಸುತ್ತಾ ಒರೆಸುತ್ತಾ ಅವಳು ಅದನ್ನು ಓದಿಬಿಟ್ಟಳು.

"ಸಿಸ್ಟರ್, ಇದು ಯಾರಿಗೆ ಬರ್ದಿರೋದು?"

"ರೋಗಿಗಳಿಗೆ ಅಕ್ಕಾ."

"ನಾನು ರೋಗಿ ತಾನೆ?"

"ಹೂಂ."

"ಹಂಗಾದ್ರೆ ನಂಗೂ ಸೇರಿದ್ದು. ಕೊಡೋ ಮದ್ದು ಯಾವ್ದು ಅಂತ ಕೇಳೋ ಹಕ್ಕಿದೆ ಅಂತ ಬರ್ದವ್ರೆ. ನಂಗೆ ಕೊಡೋ ಆ ಹಳದಿ ಮಾತ್ರೆ ಯಾವ್ದು?"

ನೆಲ ಒರೆಸುತ್ತಿದ್ದ ಮಿಂಚೋ ಕಿಸಕ್ಕನೆ ನಕ್ಕ. "ಅಕ್ಕೋ, ಅದು ಗೋಡೆಗೆ ಕೊಟ್ಟಿರೋ ಹಕ್ಕು ಕಣೆ. ಗೋಡೆ ಬಾಯ್ಬಿಟ್ಟು ಕೇಳಿದ್ರೆ ಡಾಕ್ಟ್ರು ಉತ್ತರ ಕೊಡ್ತಾರೆ. ನೀನು ಇಳಿ ಕೆಳಗೆ, ಬಿದ್ದು ಗಿದ್ದು ಸತ್ತೀಯ."

ನೆವೆನಾಳಿಗೆ ನಗು ಬರಲಿಲ್ಲ. ಮಾತ್ರೆಯ ಹೆಸರು ಹೇಳಿದಳು. ಯಾಕೆ ಕೊಡುತ್ತಾರೆಂದೂ ಹೇಳಿದಳು. ಆಮೇಲೆ ಮಿಂಚೋ ಅತ್ತ ಹೋದ ಮೇಲೆ ಇನ್ನೊಂದು ಮಾತನ್ನೂ ಹೇಳಿದಳು. "ಅಕ್ಕಾ, ಕಾನೂನು ಬದಲಾಗಿದೆ. ನಂಗೆ ಪಾಲಕ ಬೇಡ, ನನ್ನ ಸಹಿ ನಂಗೆ ವಾಪಸ್ ಕೊಡಿ ಅಂತ ಈಗ ನೀವೇ ಕೋರ್ಟಿಗೆ ಅರ್ಜಿ ಹಾಕ್ಬಹುದು. ಕ್ರಾಸೆನ್ ಒಪ್ಪಬೇಕಂತಿಲ್ಲ."

ತೊದೋರ್ಕಾ ಸ್ಟೂಲಿನಿಂದ ಇಳಿದು, ಒದ್ದೆ ಬಟ್ಟೆಯನ್ನು ಕೈಯಲ್ಲಿ ಹಿಡಿದುಕೊಂಡೇ ಗೋಡೆಗೊರಗಿ ಕೂತಳು.

"ಜಡ್ಜು ನನ್ನ ನೋಡ್ತಾರಾ? ಖುದ್ದು?"

"ನೋಡ್ಲೇಬೇಕು. ನಿಮ್ಮನ್ನ ಎದುರಿಗೆ ಕೂರಿಸ್ಕೊಂಡು ಮಾತಾಡಿಸ್ಬೇಕು. ಹಂಗಂತ ಕಾನೂನಿದೆ."

"ಮಾತಾಡ್ಸಿದ್ರೆ ಸಾಕು ಬಿಡು," ಎಂದಳು ತೊದೋರ್ಕಾ. "ನಾನು ನೆಟ್ಟಗಿದ್ದೀನಿ ಅಂತ ಅವ್ರಿಗೇ ಗೊತ್ತಾಗುತ್ತೆ."

ಅರ್ಜಿ ಹೋಯಿತು. ಚಳಿಗಾಲ ಕಳೆಯಿತು. ಚೆರ್ರಿ ಮರ ಹೂ ಬಿಡುವ ಹೊತ್ತಿಗೆ ಕೋರ್ಟಿನಿಂದ ದಿನ ಗೊತ್ತಾಗಿ ಬಂತು. ಮಂಗಳವಾರ ಬೆಳಿಗ್ಗೆ.

ಚಕಾರೋವ್‌ಗೆ ಸಿಟ್ಟು ಬಂದಿತ್ತು. ತಲೆಗಿಷ್ಟು ಎಂದು ಆಸ್ಪತ್ರೆಗೆ ಸರ್ಕಾರ ದುಡ್ಡು ಕೊಡುತ್ತದೆ. ಒಂದು ತಲೆ ಹೋದರೆ ಒಂದು ತಲೆಯ ದುಡ್ಡು ಹೋಯಿತು. ಜೊತೆಗೆ ಬಿಟ್ಟಿ ಬಟ್ಟೆ ಒಗೆಯುವವಳೂ ಹೋದಳು. ಅವಳನ್ನು ನೋಡಿ ನಾಳೆ ಇನ್ನೊಬ್ಬಳು ಅರ್ಜಿ ಹಾಕುತ್ತಾಳೆ. ಆದರೆ ಕೋರ್ಟು ಕರೆದಿದೆ, ಕಳಿಸುವುದಿಲ್ಲ ಎನ್ನುವಂತಿಲ್ಲ. "ಕಳಿಸೋಣ, ಕಳಿಸೋಣ," ಎನ್ನುತ್ತಿದ್ದರು ಅವರು, ಹಲ್ಲು ಕಚ್ಚಿಕೊಂಡು.

ಮಂಗಳವಾರ ಬೆಳಿಗ್ಗೆ ವಾರ್ಡಿಗೆ ವಾರ್ಡೇ ಬೇಗ ಎದ್ದಿತ್ತು. ತೊದೋರ್ಕಾ ತಾನೇ ಇಸ್ತ್ರಿ ಮಾಡಿದ ಬಿಳಿ ರವಿಕೆ ತೊಟ್ಟಿದ್ದಳು. ಬಿಸೇರಾ ಅವಳ ತಲೆ ಬಾಚಿದಳು. ಬಿಸೇರಾ ಸಣ್ಣ ವಯಸ್ಸಿನವಳು, ಬಾಯಿಬಡಕಿ, ಒಳ್ಳೆಯವಳು. ಬಾಚಿ ಮುಗಿಸಿ ಎರಡು ಹೆಜ್ಜೆ ಹಿಂದೆ ಸರಿದು ನೋಡಿದಳು.

"ಮದುವೆ ಹೆಣ್ಣಿನ ಹಂಗೆ ಇದ್ದೀಯ ಕಣಕ್ಕಾ. ಜಡ್ಜ್ ಸಾಹೇಬ್ರು ನಿನ್ನೇ ಕಟ್ಕೊಂಡ್ರೆ ಏನು ಮಾಡ್ತೀಯ?"

"ಥೂ, ಮುಚ್ಚೇ ಬಾಯಿ. ಜಡ್ಜು ಹೆಂಗಸಂತೆ."

ನೆವೆನಾ ಬೀಗ ತೆಗೆಯಲು ಬಂದಾಗ ಬಿಸೇರಾ ಅಡ್ಡ ನಿಂತಳು. "ಸಿಸ್ಟರ್, ನೀರು ಹಾಕ್ದೆ ಹೆಂಗೆ ಕಳಿಸ್ತೀರ?"

ನೆವೆನಾಳಿಗೂ ಆಗಲೇ ನೆನಪಾದದ್ದು. ಮಕ್ಕಳು ಪರೀಕ್ಷೆಗೆ ಹೊರಟರೆ, ಮಗ ಸೈನ್ಯಕ್ಕೆ ಹೊರಟರೆ, ಯಾರಾದರೂ ಕೋರ್ಟು ಕಚೇರಿಗೆ ಹೊರಟರೆ, ಮನೆಯವರು ಹೊಸ್ತಿಲ ಮುಂದೆ ನೀರು ಚೆಲ್ಲುತ್ತಾರೆ. ಹೊರಟವರು ಅದನ್ನು ದಾಟಿ ಹೋಗಬೇಕು. ನೀರು ಹರಿದಷ್ಟು ಸಲೀಸಾಗಿ ಹೋದ ಕೆಲಸ ಆಗಲಿ ಎಂದು. ನೆವೆನಾ ನರ್ಸಿಂಗ್ ಪರೀಕ್ಷೆಗೆ ಹೋದ ದಿನ ಅವಳಮ್ಮ ತಾಮ್ರದ ಚೆಂಬಿನಲ್ಲಿ ಹೂ ಹಾಕಿ ಚೆಲ್ಲಿದ್ದಳು. ತೊದೋರ್ಕಾಳಿಗೆ ಚೆಲ್ಲುವವರು ಯಾರಿದ್ದಾರೆ? ಕ್ರಾಸೆನ್ ಚೆಲ್ಲುತ್ತಾನೆಯೇ?

"ಸರಿ, ಹಾಕಿ. ಬೇಗ," ಎಂದು ನಕ್ಕುಬಿಟ್ಟಳು.

ಆ ಒಂದು ಮಾತೇ ಎಡವಟ್ಟಾಯಿತು. ಅವಳು ಅಂದುಕೊಂಡದ್ದು ಒಂದು ಚೆಂಬು ನೀರು. ಆದರೆ ಇಡೀ ವಾರ್ಡಿಗೆ ತೊದೋರ್ಕಾ ಒಬ್ಬಳೇ ಅಕ್ಕ. ಇವರ ಉಚ್ಚೆಬಟ್ಟೆ ಒಗೆದವಳು, ಇವರ ತಲೆ ಒರೆಸಿದವಳು. ಅವಳಿಗೆ ನಾನು ಹಾಕುತ್ತೇನೆ, ನಾನು ಹಾಕುತ್ತೇನೆ ಎಂದು ಎಲ್ಲರೂ ಪ್ಲಾಸ್ಟಿಕ್ ಲೋಟ ಹಿಡಿದು ನಲ್ಲಿಗೆ ಮುಗಿಬಿದ್ದರು. ವರ್ಷಗಟ್ಟಲೆ ಮಂಚ ಬಿಟ್ಟು ಇಳಿಯದ ಮುದುಕಿಯೊಬ್ಬಳು ಗೋಡೆ ಹಿಡಿದುಕೊಂಡು ಬಂದು ಲೋಟ ಬಗ್ಗಿಸಿದಳು. ಒಬ್ಬಳಂತೂ ಬಕೆಟ್ಟನ್ನೇ ಮಗುಚಿದಳು. ಬಾಗಿಲಿನಿಂದ ಕಾರಿಡಾರಿನ ಕೊನೆಯವರೆಗೆ ನೀರೇ ನೀರು. ಯಾರೋ ಹಾಡು ಹೇಳತೊಡಗಿದರು. ತೊದೋರ್ಕಾ ಶೂ ನೆನೆಯದಂತೆ ಕಾಲೆತ್ತಿ ಕಾಲೆತ್ತಿ ನಡೆಯುತ್ತಾ, "ಸಾಕ್ರೇ, ಸಾಕು, ಮುಳುಗಿಸ್ತೀರೇನ್ರೇ ನನ್ನ!" ಎಂದು ನಗುತ್ತಿದ್ದಳು. ಅವಳು ನಕ್ಕದ್ದನ್ನು ನೆವೆನಾ ಅಷ್ಟು ವರ್ಷದಲ್ಲಿ ನೋಡಿರಲಿಲ್ಲ.

ಅದೇ ಹೊತ್ತಿಗೆ ಮಿಂಚೋ ಬಿಸಿ ಚಹಾದ ಕ್ಯಾನು ಹೊತ್ತುಕೊಂಡು ತಿರುವಿನಲ್ಲಿ ಬಂದ. ಕಾಲು ಜಾರಿತು. ಕ್ಯಾನು ಒಂದು ಕಡೆ, ಮಿಂಚೋ ಒಂದು ಕಡೆ. ಮುಂಗೈ ಬೆಂದು ಅವನು ಕಿರುಚಿದ್ದಕ್ಕೆ ಮೇಲಿನ ಮಹಡಿಯಿಂದ ಚಕಾರೋವ್ ಇಳಿದು ಬಂದರು. ಅವರ ಹಿಂದೆ ಕಾರಿನ ಕೀಲಿ ಆಡಿಸುತ್ತಾ ಕ್ರಾಸೆನ್. ಪಾಲಕನೂ ಕೋರ್ಟಿಗೆ ಬರಬೇಕಲ್ಲ.

"ಏನಿದು?"

ಹಾಡು ನಿಂತಿತು.

"ನೀರು ಹಾಕಿದ್ರು ಸಾರ್," ಎಂದಳು ನೆವೆನಾ. "ಅಕ್ಕ ಕೋರ್ಟಿಗೆ ಹೊರಟಿದ್ದಾರಲ್ಲ, ಅದಕ್ಕೆ. ತಪ್ಪು ನಂದು. ನಾನೇ ಹೂಂ ಅಂದೆ."

"ಇಷ್ಟು ಜನ ಹುಚ್ಚೆದ್ದು ನೀರು ಚೆಲ್ಲಾಡಿದ್ದಾರೆ. ಒಬ್ಬನ ಕೈ ಸುಟ್ಟಿದೆ. ನೀವು ನಗ್ತಾ ನಿಂತಿದ್ದೀರ."

ಬಿಸೇರಾ ಸುಮ್ಮನಿರಬೇಕಿತ್ತು. ಸುಮ್ಮನಿರುವ ಜಾತಿಯಲ್ಲ ಅವಳು. "ಯಾಕ್ ಡಾಕ್ಟ್ರೇ, ನೀವು ಪರೀಕ್ಷೆಗೆ ಹೋಗುವಾಗ ನಿಮ್ಮಮ್ಮ ನಿಮಗೆ ಹಾಕಿರ್ಲಿಲ್ವಾ?"

ಚಕಾರೋವ್ ಮುಖ ಕೆಂಪಗಾಯಿತು. ಹಾಕಿರುತ್ತಾಳೆ. ಈ ದೇಶದಲ್ಲಿ ಯಾವ ತಾಯಿ ಹಾಕಿಲ್ಲ?

"ಮನೇಲಿ ಹಾಕಿದ್ರೆ ಪದ್ಧತಿ," ಎಂದರು ಅವರು. "ಇಲ್ಲಿ ಹಾಕಿದ್ರೆ ರೋಗಲಕ್ಷಣ."

ಆಮೇಲೆ ನೆವೆನಾಳ ಕಡೆ ತಿರುಗಿದರು. ಎರಡು ಮದ್ದಿನ ಹೆಸರು ಹೇಳಿದರು. ಎರಡನ್ನೂ ಸೇರಿಸಿ ತೊದೋರ್ಕಾಳಿಗೆ ಒಂದು ಸೂಜಿ. ಈಗಲೇ.

"ಅವರು ಏನೂ ಮಾಡಿಲ್ಲ ಸಾರ್. ಸಮಾಧಾನವಾಗೇ ಇದ್ದಾರೆ. ಇದು ಕೊಟ್ರೆ ಕೋರ್ಟಲ್ಲಿ ನಾಲಿಗೆ ಹೊರಳಲ್ಲ."

"ದಾರೀಲಿ ಗಲಾಟೆ ಮಾಡಿದ್ರೆ ನೀವು ಜವಾಬ್ದಾರಿನಾ?"

"ಅವರ ಒಪ್ಪಿಗೆ ಇಲ್ದೆ..."

"ಒಪ್ಪಿಗೆನಾ?" ಚಕಾರೋವ್ ಪಕ್ಕಕ್ಕೆ ನೋಡಿದರು. "ಒಪ್ಪಿಗೆ ಕೊಡೋರು ಇಲ್ಲೇ ಇದ್ದಾರಲ್ಲ. ಏನಪ್ಪಾ ಕ್ರಾಸೆನ್, ಏನಂತೀರ?"

"ಕೊಡಿ ಡಾಕ್ಟ್ರೇ, ಕೊಡಿ," ಎಂದ ಕ್ರಾಸೆನ್. "ಪಾಪ ದೊಡ್ಡಮ್ಮ, ಅಷ್ಟು ದೂರ ಕಾರಲ್ಲಿ ಕೂತು ಬರ್ಬೇಕು. ಆಯಾಸ ಆಗ್ಬಾರ್ದು."

ತೊದೋರ್ಕಾ ಅಲ್ಲೇ ನಿಂತಿದ್ದಳು, ಒದ್ದೆ ನೆಲದ ಮೇಲೆ, ಬಿಳಿ ರವಿಕೆಯಲ್ಲಿ. ಅವಳ ಬಗ್ಗೆಯೇ ಮಾತಾಡುತ್ತಿದ್ದರು. ಅವಳನ್ನು ಯಾರೂ ನೋಡುತ್ತಿರಲಿಲ್ಲ.

ಮದ್ದಿನ ಕೋಣೆಯಲ್ಲಿ ನೆವೆನಾ ಬೀರುವಿನಿಂದ ಎರಡೂ ಮದ್ದು ತೆಗೆದಿಟ್ಟಳು. ಸಿರಿಂಜಿಗೆ ಬರಿ ನೀರು ತುಂಬಿ ಚುಚ್ಚಿಬಿಡಲೇ ಎಂದು ಯೋಚಿಸಿದಳು. ಮಿಂಚೋ ಬೆಂದ ಕೈಗೆ ಮೊಸರು ಮೆತ್ತಿಕೊಂಡು ಬಾಗಿಲಲ್ಲೇ ನಿಂತು ನೋಡುತ್ತಿದ್ದ. ಡಾಕ್ಟರು ನಿಲ್ಲಿಸಿದ್ದರು ಅವನನ್ನು. ಫ್ಯಾಕ್ಟರಿ ಮುಚ್ಚಿದ ಮೇಲೆ ಆ ಊರಿನಲ್ಲಿ ತಿಂಗಳಿಗೊಮ್ಮೆ ಸಂಬಳ ಸಿಗುವ ಜಾಗವೆಂದರೆ ಈ ಆಸ್ಪತ್ರೆಯೊಂದೇ. ನೆವೆನಾಳ ಮನೆಯಲ್ಲಿ ಶಾಲೆಗೆ ಹೋಗುವ ಮಗಳಿದ್ದಳು. ನೆವೆನಾ ಎರಡು ಮದ್ದನ್ನೂ ಎಳೆದುಕೊಂಡಳು.

"ಇದು ಯಾವ ಮದ್ದು ಸಿಸ್ಟರ್?" ಎಂದು ಕೇಳಿದಳು ತೊದೋರ್ಕಾ.

ನೆವೆನಾ ಹೆಸರು ಹೇಳಿದಳು.

"ನಂಗೆ ಬೇಡ."

"ಗೊತ್ತು ಅಕ್ಕಾ."

"ಬೇಡ ಸಿಸ್ಟರ್. ಇವತ್ತೊಂದಿನ ಬೇಡ. ನಾಳೆ ಬೇಕಾದ್ರೆ ಎರಡು ಚುಚ್ಚು. ಇವತ್ತು ನಂಗೆ ಮಾತು ಬೇಕು."

ಅವಳು ಕೂಗಲಿಲ್ಲ. ಕೂಗಿದರೆ ಅದೂ ರೋಗಲಕ್ಷಣವೆಂದು ಅವಳಿಗೆ ಗೊತ್ತಿತ್ತು. ಮೆಲ್ಲಗೆ ಬೇಡ ಬೇಡ ಎನ್ನುತ್ತಲೇ ಇದ್ದಳು. ಮಿಂಚೋ ಒಳ್ಳೆಯ ಕೈಯಿಂದ ಅವಳ ತೋಳು ಹಿಡಿದುಕೊಂಡ. ನೆವೆನಾ ಚುಚ್ಚಿದಳು. ಅಯ್ಯೋ ದೇವರೇ, ಆ ಹೆಂಗಸು ಕೈಯನ್ನು ಎಳೆದುಕೊಳ್ಳಲೂ ಇಲ್ಲವಲ್ಲ. ತುಟಿ ಕಚ್ಚಿಕೊಂಡು ಕಿಟಕಿಯ ಕಡೆ ನೋಡುತ್ತಾ ನಿಂತಿದ್ದಳು.

ಕೋರ್ಟು ತಲುಪುವ ಹೊತ್ತಿಗೆ ಅವಳನ್ನು ಎರಡೂ ಕಡೆ ಹಿಡಿದು ಇಳಿಸಬೇಕಾಯಿತು. ತಲೆ ಎದೆಯ ಮೇಲೆ ವಾಲಿತ್ತು. ಬಾಯಿಯಿಂದ ಜೊಲ್ಲು ಇಳಿದು ರವಿಕೆಯ ಕೊರಳ ಹತ್ತಿರ ಒದ್ದೆಯಾಗಿತ್ತು. ನೆವೆನಾ ಒರೆಸಿದಳು. ಮತ್ತೆ ಇಳಿಯಿತು. ಸರ್ಕಾರ ಗೊತ್ತು ಮಾಡಿದ ವಕೀಲ ಅಲ್ಲೇ ಮೊದಲ ಸಲ ಅವಳನ್ನು ಕಂಡದ್ದು. ಕಂಡು, ವಾಚು ನೋಡಿಕೊಂಡ.

ಜಡ್ಜಮ್ಮ ಕೆಟ್ಟವಳೇನಲ್ಲ. ಕನ್ನಡಕದ ಹಿಂದೆ ದಣಿದ ಕಣ್ಣು. ದನಿಯೂ ಮೆತ್ತಗಿತ್ತು.

"ನಿಮ್ಮ ಹೆಸರೇನಮ್ಮ?"

ತೊದೋರ್ಕಾಳ ಬಾಯಿ ತೆರೆಯಿತು. "ತೋ... ತೋ..." ಎಂದು ಏನೋ ಬಂತು. ನಾಲಿಗೆ ಒಳಗೇ ಮಡಚಿಕೊಂಡಿತು.

"ಇವತ್ತು ಯಾವ ವಾರ?"

ಉತ್ತರವಿಲ್ಲ.

"ಅಂಗಡೀಲಿ ಒಂದು ಬ್ರೆಡ್ಡಿಗೆ ಎಷ್ಟು ಅಂತ ಗೊತ್ತಾ?"

ತೊದೋರ್ಕಾ ತಲೆ ಎತ್ತಲು ನೋಡಿದಳು. ಕೊರಳಿನ ನರ ಉಬ್ಬಿತು. ತಲೆ ಮತ್ತೆ ಕೆಳಗೆ ಬಿತ್ತು.

"ಆಸ್ಪತ್ರೆ ಬಿಟ್ಟು ಯಾಕೆ ಹೋಗ್ಬೇಕು ಅಂತೀರ?"

ಅವಳ ಕಣ್ಣಿನಲ್ಲಿ ನೀರು ಬಂತೋ, ಮದ್ದಿಗೆ ಕಣ್ಣು ಸೋರಿತೋ, ಯಾರು ಹೇಳಬೇಕು?

"ನೋಡ್ತಾ ಇದ್ದೀರಲ್ಲ ಮೇಡಂ," ಎಂದರು ಚಕಾರೋವ್, ನೋವಾದವರ ಹಾಗೆ.

ನೆವೆನಾ ಎದ್ದು ನಿಂತಳು. ಎದ್ದು ನಿಲ್ಲಬೇಕೆಂದು ಅವಳೇನೂ ತೀರ್ಮಾನ ಮಾಡಿರಲಿಲ್ಲ. ಕಾಲು ತಾನಾಗಿ ಎದ್ದಿತ್ತು.

"ಮೇಡಂ, ಇವರು ಹಿಂಗಿಲ್ಲ. ಬೆಳಿಗ್ಗೆ ಸೂಜಿ ಕೊಟ್ಟಿದ್ದೀವಿ. ನಾನೇ ಕೊಟ್ಟೆ. ಬೇಡ ಬೇಡ ಅಂದ್ರು, ಆದ್ರೂ ಕೊಟ್ಟೆ. ದಯವಿಟ್ಟು ಇನ್ನೊಂದು ದಿನ ಕರೀರಿ. ಸೂಜಿ ಇಲ್ದೆ ಕರೀರಿ, ಅವರೇ ಮಾತಾಡ್ತಾರೆ."

"ನೀವು ಯಾರು?"

"ಸಿಸ್ಟರ್."

"ಸಾಕ್ಷಿ ಅಂತ ನಿಮ್ಮನ್ನ ಕರೆದಿದ್ದಾರಾ?"

"ಇಲ್ಲ. ಜೊತೇಲಿ ಬಂದಿದ್ದೀನಿ."

"ತಜ್ಞರಾ?"

"ಅಲ್ಲ ಮೇಡಂ. ಆದ್ರೆ ಹಗಲೂ ರಾತ್ರಿ ಅವರ ಜೊತೆ ಇರೋಳು ನಾನು."

"ಕೂತ್ಕೊಳ್ಳಿ." ಜಡ್ಜಮ್ಮ ಡಾಕ್ಟರ ಕಡೆ ತಿರುಗಿದಳು. "ಇವತ್ತು ಔಷಧಿ ಕೊಡೋ ಅಗತ್ಯ ಇತ್ತಾ?"

"ಇತ್ತು ಮೇಡಂ. ಬೆಳಿಗ್ಗೆ ವಾರ್ಡಲ್ಲಿ ಗಲಭೆ ಆಯ್ತು. ನೀರು ಎರಚಾಡಿದ್ರು. ನಮ್ಮ ಸಿಬ್ಬಂದಿಯ ಕೈ ಸುಟ್ಟಿದೆ. ಎಲ್ಲಾ ಇವರ ಸುತ್ತಾನೇ ನಡೆದದ್ದು. ಪಾಲಕರ ಒಪ್ಪಿಗೆ ತಗೊಂಡೇ ಕೊಟ್ಟಿದ್ದೀವಿ."

"ಸಿಸ್ಟರ್, ನೀರು ಚೆಲ್ಲಿದ್ದು ನಿಜಾನಾ?"

"ನಿಜ ಮೇಡಂ, ಆದ್ರೆ ಅದು ಎಲ್ಲರೂ ಮನೇಲಿ..."

"ಸಿಬ್ಬಂದಿಗೆ ಪೆಟ್ಟಾಗಿದ್ದು?"

"ನಿಜ, ಆದ್ರೆ ಅವನು ಜಾರಿ..."

"ನಿಜ ಅಂತ ಬರ್ಕೊಳ್ಳಿ," ಎಂದಳು ಜಡ್ಜಮ್ಮ ಗುಮಾಸ್ತೆಗೆ.

ನೆವೆನಾಳ 'ಆದ್ರೆ'ಯನ್ನು ಯಾರೂ ಬರೆದುಕೊಳ್ಳಲಿಲ್ಲ. ವಕೀಲನನ್ನು ಕೇಳಿದ್ದಕ್ಕೆ, "ಮಾನ್ಯ ನ್ಯಾಯಾಲಯದ ವಿವೇಚನೆಗೆ ಬಿಡ್ತೀನಿ," ಎಂದ. ಕ್ರಾಸೆನ್ ಕರವಸ್ತ್ರದಿಂದ ಕಣ್ಣೊರೆಸಿಕೊಂಡ. ಅರ್ಜಿ ವಜಾ. ಚಹಾ ಕುಡಿಯುವಷ್ಟು ಹೊತ್ತೂ ಹಿಡಿಯಲಿಲ್ಲ. ತೊದೋರ್ಕಾ ಕೂತಲ್ಲೇ ನಿದ್ದೆ ಹೋಗಿದ್ದಳು.

ವಾಪಸು ಬರುವಾಗ ಕಾರಿನಲ್ಲಿ ಚಕಾರೋವ್ ಹಿಂದಕ್ಕೆ ತಿರುಗದೆ ಹೇಳಿದರು: "ನಿಮ್ಮ ವಿಚಾರ ನಾಳೆ ಮಾತಾಡೋಣ ಸಿಸ್ಟರ್. ಇವರಿಗೆ ಸಂಜೆ ಅದೇ ಸೂಜಿ ಇನ್ನೊಂದು. ನಾಳೆಯಿಂದ ದಿನಾ."

ವಾರ್ಡಿನವರೆಲ್ಲ ಬಾಗಿಲಿಗೆ ಬಂದು ನಿಂತಿದ್ದರು. ಹೊತ್ತು ತಂದು ಮಂಚದ ಮೇಲೆ ಮಲಗಿಸಿದ್ದನ್ನು ನೋಡಿದರು, ಅಷ್ಟೇ. ಬಿಸೇರಾ ಅವಳ ಶೂ ಬಿಚ್ಚಿ, ಕಾಲು ಮುಚ್ಚಿ, ಪಕ್ಕದಲ್ಲೇ ನೆಲದ ಮೇಲೆ ಕೂತಳು. ಮಧ್ಯಾಹ್ನದ ಹುರುಳಿಕಾಯಿ ಸಾರು ಹಾಗೇ ಆರಿ ಹೋಯಿತು. "ನಂದೇ ತಪ್ಪು, ನಾನೇ ನೀರು ಅಂದದ್ದು," ಎಂದು ತನ್ನ ತಲೆಗೆ ತಾನೇ ಹೊಡೆದುಕೊಳ್ಳುತ್ತಿದ್ದಳು. ನೆವೆನಾ ಹೋಗಿ ಕೈ ಹಿಡಿದುಕೊಂಡಳು. ನೀರಿನದು ತಪ್ಪಲ್ಲ ಎಂದಳು. ಬಿಸೇರಾ ನಂಬಲಿಲ್ಲ.

ಹೊತ್ತು ಇಳಿಯುವ ಮುಂಚೆ ತೊದೋರ್ಕಾ ಕಣ್ಣು ಬಿಟ್ಟಳು. ಗಡಬಡಿಸಿ ಎದ್ದು ಕೂತಳು. ಕಾಲು ಶೂ ಹುಡುಕಿತು.

"ಹೊತ್ತಾಯ್ತಾ? ಗಾಡಿ ಬಂತಾ ಸಿಸ್ಟರ್? ಯಾಕೆ ನನ್ನ ಎಬ್ಬಿಸ್ಲಿಲ್ಲ?"

ಅವಳಿಗೆ ಏನೂ ನೆನಪಿರಲಿಲ್ಲ. ಮದ್ದು ಅದನ್ನೂ ತಿಂದುಹಾಕಿತ್ತು.

ನೆವೆನಾ ಮಂಚದ ತುದಿಯಲ್ಲಿ ಕೂತಳು. "ಹೋಗಿ ಬಂದ್ವಿ ಅಕ್ಕಾ."

"ಎಲ್ಲಿಗೆ?"

"ಕೋರ್ಟಿಗೆ."

ತೊದೋರ್ಕಾ ತನ್ನ ರವಿಕೆ ನೋಡಿಕೊಂಡಳು. ಕೊರಳಿನ ಹತ್ತಿರ ಒಣಗಿದ ಕಲೆಯನ್ನು ಮುಟ್ಟಿದಳು.

"ನಾನು ಏನಂದೆ ಅಲ್ಲಿ?"

"ಏನೂ ಅನ್ನಲಿಲ್ಲ ಅಕ್ಕಾ. ಅನ್ನೋಕೆ ಆಗ್ಲಿಲ್ಲ. ನಾನು ಚುಚ್ಚಿದ ಸೂಜಿ."

ತೊದೋರ್ಕಾ ಬಯ್ಯಲಿಲ್ಲ, ಅಳಲಿಲ್ಲ. ಬಯ್ದಿದ್ದರೆ ನೆವೆನಾಳಿಗೆ ಎಷ್ಟೋ ಹಗುರವಾಗುತ್ತಿತ್ತು. ಅಷ್ಟರಲ್ಲಿ ಮಿಂಚೋ ಸಂಜೆಯ ಟ್ರೇ ತಂದಿಟ್ಟ. ಅದರಲ್ಲಿ ಡಾಕ್ಟರು ತುಂಬಿಸಿ ಕಳಿಸಿದ ಸಿರಿಂಜು.

ನೆವೆನಾ ಅದನ್ನು ಕೈಗೆ ತೆಗೆದುಕೊಂಡಳು. ಬೆಳಿಗ್ಗೆ ಹೇಳಿದ ಅವೇ ಹೆಸರನ್ನು ಮತ್ತೆ ಹೇಳಿದಳು. "ಇದನ್ನ ಕೊಡು ಅಂತ ಡಾಕ್ಟ್ರು ಹೇಳಿದ್ದಾರೆ. ಕೊಡ್ಲಾ ಅಕ್ಕಾ?"

"ನನ್ನ ಕೇಳ್ತಿದ್ದೀಯಾ?"

"ಹೂಂ. ನಿಮ್ಮನ್ನೇ."

"ಬೇಡ."

ನೆವೆನಾ ಸಿರಿಂಜನ್ನು ಟ್ರೇಯಲ್ಲಿ ವಾಪಸು ಇಟ್ಟಳು.

ಮಿಂಚೋ ಬಟ್ಟೆ ಸುತ್ತಿದ ಕೈಯನ್ನು ಎದೆಗೊತ್ತಿಕೊಂಡು ನಿಂತಿದ್ದ. "ಸಿಸ್ಟರ್, ನಾನು ಮೇಲೆ ಹೇಳ್ಬೇಕಾಗುತ್ತೆ. ನಂದೂ ಹೊಟ್ಟೆಪಾಡು."

"ಹೇಳು ಹೋಗು."

ಅವನು ಬೀಗ ಹಾಕಿಕೊಂಡು ಹೋದ. ನೆವೆನಾ ತೊದೋರ್ಕಾಳ ಮುಖ ನೋಡಲಾರದೆ ಹೇಳಿದಳು: "ನಾನು ಕೊಡದಿದ್ರೆ ಗಂಡಸರ ವಾರ್ಡಿನ ಸಿಸ್ಟರನ್ನ ಕಳಿಸ್ತಾರೆ ಅಕ್ಕಾ. ಅವಳು ಕೊಡ್ತಾಳೆ. ಇದಕ್ಕಿಂತ ಹೆಚ್ಚು ನನ್ನ ಕೈಲಾಗ್ತಿಲ್ಲ."

"ಅವಳು ಬರೋಕೆ ಎಷ್ಟೊತ್ತು?"

"ಅಂಗಳ ದಾಟಿ, ಮೆಟ್ಲು ಹತ್ತಿ ಬರ್ಬೇಕು."

"ಹಂಗಾದ್ರೆ ಬೇಗ ಹೇಳು," ಎಂದಳು ತೊದೋರ್ಕಾ. ಮಂಚದಿಂದ ಇಳಿದು ನೆಟ್ಟಗೆ ನಿಂತಳು. ಕೂದಲು ಹಿಂದಕ್ಕೆ ತಳ್ಳಿಕೊಂಡಳು. "ಜಡ್ಜು ಏನೇನು ಕೇಳಿದ್ರು ನನ್ನ?"

"ಅಕ್ಕಾ..."

"ಹೇಳೇ ಅಂದ್ರೆ!"

"ನಿಮ್ಮ ಹೆಸರೇನು ಅಂದ್ರು."

"ತೊದೋರ್ಕಾ ಜೆಲೆವಾ."

"ಇವತ್ತು ಯಾವ ವಾರ?"

"ಮಂಗಳವಾರ. ಒಳ್ಳೆ ಪ್ರಶ್ನೆ! ಇಡೀ ಚಳಿಗಾಲ ಇದೇ ಮಂಗಳವಾರಕ್ಕೆ ಕಾದಿದ್ದೀನಿ, ನಂಗೆ ಗೊತ್ತಿರಲ್ವಾ? ಆಮೇಲೆ?"

"ಬ್ರೆಡ್ಡಿಗೆ ಎಷ್ಟು ಅಂದ್ರು."

"ಗೊತ್ತಿಲ್ಲ ಅಂತ ಬರ್ಕೊಳ್ಲಿ. ನನ್ನನ್ನ ಅಂಗಡಿಗೆ ಯಾರು ಬಿಟ್ರು? ಒಂದಿನ ಬಿಟ್ಟು ನೋಡ್ಲಿ, ಬ್ರೆಡ್ಡಿಂದೂ ಹೇಳ್ತೀನಿ, ಬೆಣ್ಣೆದೂ ಹೇಳ್ತೀನಿ. ಇನ್ನೇನು ಕೇಳಿದ್ರು?"

ಒಬ್ಬೊಬ್ಬರೇ ಮಂಚದಿಂದ ಇಳಿದು ಸುತ್ತ ನಿಂತಿದ್ದರು. ಬೆಳಿಗ್ಗೆ ಗೋಡೆ ಹಿಡಿದು ನಡೆದ ಮುದುಕಿಯೂ ಬಂದಿದ್ದಳು.

"ಆಸ್ಪತ್ರೆ ಬಿಟ್ಟು ಯಾಕೆ ಹೋಗ್ಬೇಕು ಅಂತ ಕೇಳಿದ್ರು."

ತೊದೋರ್ಕಾ ಬಿರಿದ ಕೈಗಳನ್ನು ಒಂದರ ಮೇಲೊಂದು ಇಟ್ಟುಕೊಂಡಳು, ಕಟಕಟೆಯಲ್ಲಿ ನಿಂತವರ ಹಾಗೆ.

"ನಂಗೊಂದು ಬಾಗ್ಲು ಬೇಕು ಮೇಡಂ. ಒಳಗಿಂದ ನಾನೇ ಚಿಲಕ ಹಾಕ್ಕೊಳ್ಳೋ ಬಾಗ್ಲು. ಯಾರಾದ್ರೂ ಬಂದ್ರೆ ಹೊರಗೆ ನಿಂತು ತಟ್ಬೇಕು. ತೆಗೀಬೇಕೋ ಬೇಡ್ವೋ ಅಂತ ನಾನು ನೋಡ್ಕೋತೀನಿ. ಅಷ್ಟೇ. ಇನ್ನೇನೂ ಬೇಡ ನಂಗೆ."

ಕೆಳಗೆ ಮೆಟ್ಟಿಲ ಮೇಲೆ ಹೆಜ್ಜೆ ಸದ್ದು ಕೇಳಿಸಿತು. ಇಬ್ಬರದೋ ಮೂವರದೋ.

ಬಿಸೇರಾ ನೆಲದಿಂದ ಎದ್ದಳು. ಅತ್ತು ಅತ್ತು ಊದಿದ ಮುಖದಲ್ಲಿ ಏನೋ ಬೆಳಕು ಬಂದಿತ್ತು. ನೆವೆನಾಳ ತೋಳು ಹಿಡಿದು ಜಗ್ಗಿದಳು.

"ಎಲ್ಲಾದಕ್ಕೂ ಸರಿಯಾಗಿ ಹೇಳಿದ್ಲಲ್ಲ ಸಿಸ್ಟರ್? ನಾವೆಲ್ಲಾ ಕೇಳಿದ್ವಿ. ಹಂಗಾದ್ರೆ ಬಿಡ್ತಾರೆ ಅಲ್ವಾ? ಹೇಳಿ ಸಿಸ್ಟರ್, ಬಿಡ್ತಾರೆ ಅಲ್ವಾ?"

ಹೊರಗಿನಿಂದ ಬೀಗಕ್ಕೆ ಕೀಲಿ ಹಾಕಿದರು.